ಹಳೇ ಸ್ಪೋರ್ಟ್ಸ್ ಕಾರಿಗೆ ಯಾವ ಸೈಜಿನ ಟೈರ್? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದವ, ಪುಣೆಗೆ ಬಂದು ಇಪ್ಪತ್ತು ವರ್ಷ ದಾಟ್ತು, ಕೋಥ್ರೂಡಲ್ಲಿ ನಮ್ಮ ಬಿಲ್ಡಿಂಗಿನ ಕೆಳಗಿನ ಪಾರ್ಕಿಂಗಲ್ಲಿ ಒಂದು ಹಳೇ ಎಂಜಿಬಿ ರೋಡ್‌ಸ್ಟರ್ (ಮೇಲೆ ಛಾವಣಿ ಇಲ್ಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ನಿಂತಿರುತ್ತೆ. ಭಾನುವಾರ ಬೆಳಿಗ್ಗೆ ಅದರ ಹೊದಿಕೆ ತೆಗೆದ್ರೆ ಸಾಕು, ಒಬ್ಬರಲ್ಲ ಒಬ್ಬರು ಬಂದು ನಿಲ್ತಾರೆ. ಹಳೇ ಕಾರ್ ಇರೋ ಗೆಳೆಯರು ಮುಂಬೈಯಿಂದ, ಗೋವಾದಿಂದ ಫೋನ್ ಮಾಡಿ ಕೇಳೋದೂ ಅವೇ ಪ್ರಶ್ನೆಗಳು, ಅದ್ರಲ್ಲೂ ಟೈರ್ ಬಗ್ಗೆನೇ ಜಾಸ್ತಿ. ಪ್ರತಿ ಸಲ ಹೇಳಿ ಬಾಯಿ ನೋವಾಯ್ತು, ಅದಕ್ಕೆ ಎಲ್ಲಾ ಒಂದೇ ಕಡೆ ಬರ್ದಿದೀನಿ ನೋಡ್ರಿ.

ಈಗ ಕಾರಲ್ಲಿರೋ ಟೈರ್ ಮೇಲೆ ಸೈಜ್ ಬರ್ದಿದೆಯಲ್ಲ, ಅದನ್ನೇ ತಂದು ಹಾಕಿದ್ರೆ ಆಯ್ತಲ್ವಾ?

ಎಲ್ಲರೂ ಮಾಡೋ ಮೊದಲ್ನೇ ತಪ್ಪು ಇದೇ. ಐವತ್ತು ವರ್ಷದ ಕಾರು, ನಾಲ್ಕೈದು ಜನರ ಕೈ ದಾಟಿ ಬಂದಿರುತ್ತೆ, ಯಾರೋ ಯಾವಾಗ್ಲೋ ಸಿಕ್ಕಿದ್ದನ್ನ ಹಾಕಿರ್ತಾರೆ, ಆಮೇಲೆ ಬಂದೋರು ಅದನ್ನೇ ನೋಡಿ ಅದನ್ನೇ ಹಾಕ್ಕೊಂಡು ಬಂದಿರ್ತಾರೆ. ಹ್ಯಾಂಡ್‌ಬುಕ್ ಹುಡುಕ್ರಿ, ಅದರಲ್ಲಿ ನಿಮ್ಮ ವರ್ಷದ, ನಿಮ್ಮ ಮಾಡೆಲ್ಲಿನ ಸೈಜ್ ನೋಡ್ರಿ. ಒಂದೇ ಹೆಸರಿನ ಕಾರಲ್ಲೂ ವ್ಯತ್ಯಾಸ ಇರುತ್ತೆ. ಎಂಜಿಬಿನೇ ತಗೊಳ್ರಿ, 1962ರಿಂದ 1980ರವರೆಗೆ ಬಂತು, ಶುರುವಿನ ರೋಡ್‌ಸ್ಟರ್‌ಗೆ 5.60-14 ಕ್ರಾಸ್‌ಪ್ಲೈ (ಒಳಗಿನ ದಾರ ಅಡ್ಡಡ್ಡ ಹೆಣೆದ ಹಳೇ ತರದ ಟೈರ್), ಆಮೇಲೆ 155 ಎಸ್‌ಆರ್ 14 ರೇಡಿಯಲ್ (ಈಗಿನ ಕಾರುಗಳಿಗೆ ಬರೋ ತರದ್ದು), ಮೇಲೆ ಛಾವಣಿ ಇರೋ ಜಿಟಿಗೆ 165 ಎಸ್‌ಆರ್ 14.

ಸೈಜಲ್ಲಿ ಸ್ಲ್ಯಾಶೇ ಇಲ್ಲವಲ್ಲ, 165 ಎಸ್‌ಆರ್ 14 ಅಂದ್ರೆ ಹೆಂಗೆ ಓದೋದು?

165 ಅಂದ್ರೆ ಟೈರಿನ ಅಗಲ, ಮಿಲಿಮೀಟರಲ್ಲಿ. ಎಸ್ ಅಂದ್ರೆ ಸ್ಪೀಡ್ ರೇಟಿಂಗ್, ಆರ್ ಅಂದ್ರೆ ರೇಡಿಯಲ್, 14 ಅಂದ್ರೆ ರಿಮ್ಮಿನ ಇಂಚು. ಈಗಿನ ಟೈರಲ್ಲಿ ಸ್ಲ್ಯಾಶ್ ಆದ್ಮೇಲೆ 65, 70 ಅಂತ ಬರುತ್ತಲ್ಲ, ಅದು ಟೈರಿನ ಗೋಡೆ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. ಆಗಿನ ಕಾಲಕ್ಕೆ ರೇಡಿಯಲ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಎತ್ತರ, ಸುಮಾರು ಶೇಕಡಾ 80ರಿಂದ 82, ಅದಕ್ಕೇ ಬರೀತಿರ್ಲಿಲ್ಲ. ಈ ಬರೀದೇ ಬಿಟ್ಟ ನಂಬರ್ ಮರ್ತೇ ಬಹಳ ಜನ ದಾರಿ ತಪ್ಪೋದು.

ಜಾಗ್ವಾರ್ ಇ-ಟೈಪ್ ಉದಾಹರಣೆ ನೋಡ್ರಿ. ಅದಕ್ಕೆ 185 ವಿಆರ್ 15 ಬರ್ತಿತ್ತು. ಅಂಗಡಿಗೆ ಹೋಗಿ "185, 15 ಇಂಚ್ ಕೊಡಿ" ಅಂದ್ರೆ ಅವ್ನು 185/70 ಆರ್ 15 ತಂದಿಡ್ತಾನೆ, ಎರಡೂ 185ಏ, ಎರಡೂ 15ಏ, ಆದ್ರೆ ಹಳೇದು ಸುಮಾರು 684 ಮಿಲಿಮೀಟರ್ ಎತ್ತರ, ಇದು 640. ನಾಲ್ಕೂವರೆ ಸೆಂಟಿಮೀಟರ್ ಹತ್ರತ್ರ ಕುಳ್ಳ! ಅಷ್ಟುದ್ದ ಬಾನೆಟ್ಟಿನ ಕಾರಿಗೆ ಆ ಪುಟಾಣಿ ಚಕ್ರ ಹಾಕಿದ್ರೆ ಆನೆಗೆ ಬೊಂಬೆ ಚಪ್ಪಲಿ ತೊಡಿಸಿದಂಗೆ ಕಾಣುತ್ತೆ.

5.60-14, 5.90-15 ಇವೆಲ್ಲ ಏನು?

ಅವು ಕ್ರಾಸ್‌ಪ್ಲೈ, ಅಗಲಾನೂ ಇಂಚಲ್ಲೇ. ನಮ್ಮ ಅಂಬಾಸಿಡರ್ 5.90-15, ಪದ್ಮಿನಿ 5.20-14, ಅದೇ ಭಾಷೆ. 5.60ನ್ನ 25.4ರಿಂದ ಗುಣಿಸಿದ್ರೆ 142 ಮಿಲಿಮೀಟರ್ ಬರುತ್ತೆ. ಆದ್ರೆ ಕ್ರಾಸ್‌ಪ್ಲೈ ಗೋಡೆ ರೇಡಿಯಲ್‌ಗಿಂತ ಎತ್ತರ, ಅದಕ್ಕೇ 142ರ ಹತ್ರದ ರೇಡಿಯಲ್ ಅಂತ 145 ಹಾಕೋದಲ್ಲ, 155 ಅಥವಾ 165ಕ್ಕೆ ಹೋಗ್ಬೇಕು. 5.60-15 ಇದ್ದ ಪೋರ್ಷೆ 356, ಎಂಜಿಎ ಎರಡಕ್ಕೂ ಜನ 165 ಆರ್ 15 ಹಾಕೋದು ಇದೇ ಲೆಕ್ಕದ ಮೇಲೆ.

ಸರಿ, ಹೊಸ ಸೈಜ್ ಹೊಂದುತ್ತೋ ಇಲ್ವೋ ಅಂತ ಲೆಕ್ಕ ಹಾಕೋದು ಹೆಂಗೆ?

ಐದನೇ ಕ್ಲಾಸಿನ ಗಣಿತ. ರಿಮ್ ಇಂಚನ್ನ 25.4ರಿಂದ ಗುಣಿಸ್ರಿ, ಗೋಡೆ ಎತ್ತರ ಎರಡು ಸಲ ಕೂಡಿಸ್ರಿ, ಮೇಲೊಂದು ಕೆಳಗೊಂದು ಇರುತ್ತಲ್ಲ ಅದಕ್ಕೆ. 165 ಎಸ್‌ಆರ್ 14ಕ್ಕೆ ಶೇಕಡಾ 82 ಹಿಡಿದ್ರೆ 626 ಮಿಲಿಮೀಟರ್. ಈಗ ಸಿಗೋದನ್ನ ಪಕ್ಕಕ್ಕಿಟ್ಟು ನೋಡಿದ್ರೆ 165/80 ಆರ್ 14 ಅಂದ್ರೆ 620, 185/70 ಆರ್ 14 ಅಂದ್ರೆ 615, 175/70 ಆದ್ರೆ 601, 185/65 ಆದ್ರೆ 596, ಇನ್ನು 195/60 ಅನ್ನೋ ಮಹಾನುಭಾವ ಬರೀ 590. ನನ್ನ ಪ್ರಕಾರ ಮೂಲ ಎತ್ತರಕ್ಕಿಂತ ಶೇಕಡಾ 2, ಹೋಗ್ಲಿ ಅಂದ್ರೆ 3 ವ್ಯತ್ಯಾಸದ ಒಳಗೆ ಇರ್ಲಿ, ಅದಕ್ಕಿಂತ ಜಾಸ್ತಿ ಆದ್ರೆ ಬೇಡವೇ ಬೇಡ.

ಲೆಕ್ಕದ ಮೇಲೆ ನಂಬಿಕೆ ಇಲ್ವಾ, ಟೈರ್ ನೆಲ ಮುಟ್ಟೋ ಜಾಗದಲ್ಲಿ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಎಳೀರಿ, ಕಾರನ್ನ ತಳ್ಳಿ ಚಕ್ರ ಒಂದು ಪೂರ್ತಿ ಸುತ್ತು ಬರೋ ಹಂಗೆ ಮಾಡಿ, ಗೆರೆ ಮತ್ತೆ ನೆಲ ಮುಟ್ಟಿದ ಕಡೆ ಇನ್ನೊಂದು ಗುರುತು ಹಾಕಿ ಟೇಪಲ್ಲಿ ಅಳೀರಿ. 165 ಎಸ್‌ಆರ್ 14 ಹತ್ರತ್ರ 1.9 ಮೀಟರ್ ಬರುತ್ತೆ. ನಮ್ಮ ಪಾರ್ಕಿಂಗಲ್ಲಿ ನಾನು ಎಳೆದ ಗೆರೆ ಒಂದು ವಾರ ಹಂಗೇ ಇತ್ತು, ವಾಚ್‌ಮನ್ ಮಕ್ಕಳು ಕುಂಟೆಬಿಲ್ಲೆಗೆ ಅಂದ್ಕೊಂಡು ಮುಂದುವರಿಸಿದ್ರು.

ಸ್ಪೋರ್ಟ್ಸ್ ಕಾರ್ ಅಲ್ವಾ, ಅಗಲ ಟೈರ್ ಹಾಕಿದ್ರೆ ರೋಡ್ ಗ್ರಿಪ್ ಜಾಸ್ತಿ ಸಿಗಲ್ವಾ?

ನಾನೂ ಹಿಂಗೇ ಅಂದ್ಕೊಂಡಿದ್ದೆ, ಅದಕ್ಕೇ ಇದನ್ನ ಸ್ವಲ್ಪ ಉದ್ದ ಹೇಳ್ತೀನಿ. ಕಾರ್ ತಂದ ಹೊಸದರಲ್ಲಿ ಇಲ್ಲೇ ಒಂದು ಟೈರ್ ಅಂಗಡಿಗೆ ಹೋದೆ. ಅಲ್ಲಿದ್ದವ್ರು ಕಾರ್ ಸುತ್ತ ಒಂದು ಸುತ್ತು ಹಾಕಿ, "ಸಾಹೇಬ್, ಸ್ಪೋರ್ಟ್ಸ್ ಗಾಡಿ ಹೈ, ಚೌಡಾ ಡಾಲೋ" (ಅಗಲದ್ದು ಹಾಕ್ರಿ) ಅಂದು 195/60 ಆರ್ 14 ತೋರ್ಸಿದ್ರು. ನೋಡೋಕೆ ಭಾರೀ ಚೆನ್ನಾಗಿತ್ತು, ಹಾಕ್ಸಿದೆ. ಅಂಗಡಿಯಿಂದ ಹೊರಗೆ ತಿರುಗಿಸುವಾಗ್ಲೇ ಸ್ಟೀರಿಂಗ್ ರುಬ್ಬೋ ಕಲ್ಲು ತಿರುವಿದಂಗಾಯ್ತು, ಪವರ್ ಸ್ಟೀರಿಂಗ್ ಎಲ್ಲಿಂದ ಬರ್ಬೇಕು ಅದಕ್ಕೆ. ಮನೆ ಹತ್ರ ಸೊಸೈಟಿ ಗೇಟಿನ ಸ್ಪೀಡ್ ಬ್ರೇಕರ್ ಮೇಲೆ ಸೈಲೆನ್ಸರ್ ಕರ್ರ್ ಅಂತ ಉಜ್ಜಿತು. ಅಲ್ಲಿವರೆಗೆ ಒಂದ್ ದಿನಾನೂ ಉಜ್ಜಿರ್ಲಿಲ್ಲ. ಲೆಕ್ಕ ಹಾಕಿ ನೋಡ್ರಿ, 626ರಿಂದ 590ಕ್ಕೆ ಬಂದ್ರೆ ಕಾರ್ ನೆಲಕ್ಕೆ 18 ಮಿಲಿಮೀಟರ್ ಹತ್ರ ಆಯ್ತು. ಎಂಜಿಬಿ ಹೊಟ್ಟೆ ಮೊದಲೇ ನೆಲಕ್ಕೆ ಅಂಟ್ಕೊಂಡಿರುತ್ತೆ, ನಮ್ಮ ಪುಣೆ ಸ್ಪೀಡ್ ಬ್ರೇಕರ್ ಎತ್ತರ ಏನಂತ ನಿಮಗೆ ಗೊತ್ತೇ ಇದೆ.

ಮುಂದಿನ ವಾರ ಹಳೇ ಹೈವೇಯಲ್ಲಿ ಖಂಡಾಲಾ ಘಾಟ್ ಕಡೆ ಹೋದೆ. ಬಲಕ್ಕೆ ತಿರುವು ಬಂದಾಗೆಲ್ಲ ಹಿಂದಿನಿಂದ ಸುಯ್ಯ್ ಅಂತ ಸದ್ದು. ಇಳಿದು ನೋಡಿದ್ರೆ ಎಡಗಡೆ ಹಿಂದಿನ ಟೈರ್ ಮಡ್‌ಗಾರ್ಡಿನ ಒಳ ಅಂಚಿಗೆ ತಾಗಿ, ಗೋಡೆ ಮೇಲೆ ಚಾಕುವಿನಲ್ಲಿ ಕೆರೆದಂಗೆ ಒಂದು ಉಂಗುರ ಬಿದ್ದಿತ್ತು. ಬಲಗಡೆ ಏನೂ ಇಲ್ಲ. ಆಮೇಲೆ ತಿಳೀತು, ಆ ಕಾಲದ ಬಾಡಿಗಳು ಎರಡೂ ಕಡೆ ಸಮ ಇರಲ್ಲ, ಎಂಜಿಬಿಯಲ್ಲಿ ಒಂದು ಕಡೆ ಜಾಗ ಕಮ್ಮಿ ಇರೋದು ಆ ಕಾರಿನವರಿಗೆಲ್ಲ ಗೊತ್ತಿರೋ ವಿಷಯ, ಗೊತ್ತಿಲ್ಲದವ ನಾನೊಬ್ಬನೇ.

ಗ್ರಿಪ್ ವಿಚಾರಕ್ಕೆ ಬಂದ್ರೆ, ಟನ್ನಿಗೂ ಕಮ್ಮಿ ತೂಕದ ಕಾರು, ಆಗಿನ ಸಸ್ಪೆನ್ಷನ್ನು ಸಣ್ಣ ಟೈರಿಗೆ ಅಂತಲೇ ಹೊಂದಿಸಿದ್ದು. ಸಣ್ಣ ಟೈರ್ ಮೆಲ್ಲಗೆ, ಹೇಳಿ ಕೇಳಿ ಜಾರುತ್ತೆ, ಅಗಲದ್ದು ಕೊನೇವರೆಗೂ ಹಿಡ್ಕೊಂಡು ಆಮೇಲೆ ಹೇಳ್ದೆ ಕೇಳ್ದೆ ಬಿಡುತ್ತೆ. ಮಳೆಯಲ್ಲಂತೂ ಸಣ್ಣ ಟೈರೇ ಒಳ್ಳೇದು, ಅದು ನೀರನ್ನ ಸೀಳ್ಕೊಂಡು ಹೋಗುತ್ತೆ, ಅಗಲದ್ದು ಹಗುರ ಕಾರಲ್ಲಿ ನೀರಿನ ಮೇಲೆ ತೇಲುತ್ತೆ. ಜುಲೈಯಲ್ಲಿ ತಾಮ್ಹಿಣಿ ಘಾಟೋ ಅಂಬೋಲಿ ಘಾಟೋ ಹತ್ತಿದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ರಿಮ್ ಅಗಲ ನೋಡ್ಬೇಕಾ? 14 ಇಂಚ್ ಅಂದ್ರೆ 14 ಇಂಚ್ ಅಲ್ವಾ?

ನೋಡ್ಲೇಬೇಕು, ಎಲ್ಲಕ್ಕಿಂತ ಮೊದ್ಲು ಇದನ್ನೇ ನೋಡ್ಬೇಕು. 14 ಅನ್ನೋದು ವ್ಯಾಸ. ಅಗಲ ಬೇರೆ, ರಿಮ್ಮಿನ ಎರಡು ತುಟಿಗಳ ಮಧ್ಯದ ಒಳಗಿನ ಅಂತರ, ತುಟಿಯ ದಪ್ಪ ಸೇರಿಸ್ದೆ ಅಳೀಬೇಕು. ಎಂಜಿಬಿ ವೈರ್ ವೀಲ್ (ಸೈಕಲ್ ತರ ಕಡ್ಡಿ ಇರೋ ಚಕ್ರ) ನಾಲ್ಕೂವರೆ ಇಂಚು ಅಷ್ಟೇ. 165/80ಗೆ 4ರಿಂದ 5.5 ಇಂಚಿನ ರಿಮ್ ನಡೆಯುತ್ತೆ, 185/70ಗೆ 4.5 ಕನಿಷ್ಠ, ಅಂದ್ರೆ ಅಂಚಿಗೆ ಬಂದ್ವಿ. 185/65ಗೆ ಕನಿಷ್ಠ 5 ಬೇಕು, ನನಗೆ ಹಾಕ್ಕೊಟ್ಟ 195/60ಗೆ ಕನಿಷ್ಠ 5.5. ಒಂದಿಂಚು ಕಮ್ಮಿ ರಿಮ್ಮಿಗೆ ಹಾಕಿದ್ರೆ ಟೈರ್ ಬಾಯಿ ಕಟ್ಟಿದ ಚೀಲದಂಗೆ ಮಧ್ಯೆ ಉಬ್ಬುತ್ತೆ, ಗೋಡೆ ಅತ್ತಿತ್ತ ಹೊಯ್ದಾಡುತ್ತೆ, ಮಧ್ಯದಲ್ಲೇ ಸವೆಯುತ್ತೆ. ಅಂಗಡಿಯವ್ರು ರಿಮ್ ಅಳೆಯೋದು ನಾನಂತೂ ನೋಡಿಲ್ಲ, ಟೇಪ್ ನೀವೇ ತಗೊಂಡ್ ಹೋಗ್ರಿ.

ಇಲ್ಲೇ ಸಿಗೋ ಮಾರುತಿ ಟೈರ್ ಹಾಕ್ಬಹುದಾ? ಮರ್ಯಾದೆ ಹೋಗಲ್ವಾ?

ಯಾರ ಮರ್ಯಾದೆ ರೀ! ಸ್ವಿಫ್ಟ್, ಡಿಝೈರ್‌ಗಳ ಕೆಳಗಿನ ವೇರಿಯಂಟಲ್ಲಿ ಬರ್ತಿದ್ದ 165/80 ಆರ್ 14 ಇದ್ಯಲ್ಲ, ಅದು 165 ಎಸ್‌ಆರ್ 14ಕ್ಕೆ ಶೇಕಡಾ 1ರಷ್ಟೇ ಕಮ್ಮಿ. ನಮ್ಮಲ್ಲಿ ಯಾವ ಊರಿನ ಅಂಗಡೀಲಿ ಕೇಳಿದ್ರೂ ಸಿಗುತ್ತೆ, ಹೊಸ ಸ್ಟಾಕ್ ಇರುತ್ತೆ, ಸರ್ಕಾರಿ ಗುಣಮಟ್ಟದ ಐಎಸ್‌ಐ ಗುರುತಿರುತ್ತೆ. ನಾನು ಈಗ ಓಡಿಸ್ತಿರೋದು ಅದನ್ನೇ. ಟ್ರಯಂಫ್ ಸ್ಪಿಟ್‌ಫೈರ್ ಇರೋರಿಗೆ 145 ಎಸ್‌ಆರ್ 13 ಅಥವಾ 155 ಎಸ್‌ಆರ್ 13 ಬೇಕಲ್ಲ, ಅವರಿಗೆ ಒಂದು ಲೀಟರ್ ಇಂಜಿನ್ ವ್ಯಾಗನ್‌ಆರ್‌ನ 155/80 ಆರ್ 13 ಚೆನ್ನಾಗಿ ಹೊಂದುತ್ತೆ, ಮಡಗಾಂವ್ ಕಡೆ ಒಬ್ಬರಿಗೆ ಹಿಂಗೇ ಹೇಳಿದ್ದೆ, ಅವ್ರು ಹಾಕ್ಕೊಂಡು ಎರಡು ಮಳೆಗಾಲ ಕಳೆದ್ರು. 15 ಇಂಚಿನವರಿಗೇ ಕಷ್ಟ, ಎತ್ತರ ಗೋಡೆಯ ಸಣ್ಣ ಟೈರ್ ಆ ಇಂಚಲ್ಲಿ ಈಗ ಯಾವ ಕಾರಿಗೂ ಬರಲ್ಲ, ಜೀಪಿನದ್ದು ಬರುತ್ತೆ, ಅದು ಬೇರೆ ಕಥೆ.

ಒಂದೇ ಕೊರತೆ ಏನಂದ್ರೆ ನೋಟ. ಟ್ರೆಡ್ ವಿನ್ಯಾಸ ಈಗಿನ ಕಾಲದ್ದು, ಕಾರ್ ಶೋನಲ್ಲಿ ಜಡ್ಜ್ ಮೂಗು ಮುರೀತಾರೆ. ನಾನು ಶೋಗೆ ಹೋಗಲ್ಲ, ಇಡ್ಲಿ ತಿನ್ನೋಕೆ ಹೋಗ್ತೀನಿ.

ಹಳೇ ವಿನ್ಯಾಸದ ಒರಿಜಿನಲ್ ಟೈರ್ ಹೊರಗಡೆಯಿಂದ ತರಿಸ್ಬಹುದಾ?

ಹಳೇ ಅಚ್ಚಿನ ಟೈರ್ ಈಗಲೂ ಮಾಡ್ತಾರೆ. ಮಿಷೆಲಿನ್‌ಗೆ ಅದಕ್ಕೇ ಒಂದು ಕ್ಲಾಸಿಕ್ ವಿಭಾಗ ಇದೆ, ಪಿರೆಲ್ಲಿ ತನ್ನ ಹಳೇ ಚಿಂಟುರಾಟೊ ಟೈರ್‌ಗಳನ್ನ ಕೊಲೆಜಿಯೋನೆ ಅನ್ನೋ ಹೆಸರಲ್ಲಿ ಮಾಡುತ್ತೆ, ಡಚ್ ಕಂಪನಿ ವ್ರೆಡೆಸ್ಟೈನ್‌ದು ಸ್ಪ್ರಿಂಟ್ ಕ್ಲಾಸಿಕ್ ಇದೆ. ತಮಾಷೆ ಏನಂದ್ರೆ ಆ ವ್ರೆಡೆಸ್ಟೈನನ್ನ 2009ರಲ್ಲಿ ಕೊಂಡ್ಕೊಂಡಿದ್ದು ನಮ್ಮ ಅಪೊಲೊ ಟೈರ್ಸ್.

ತರಿಸೋದು ಮಾತ್ರ ಸುಲಭ ಇಲ್ಲ. 2020ರ ಜೂನಿಂದ ಹೊಸ ಕಾರ್ ಟೈರ್ ಆಮದು ನಿರ್ಬಂಧಿತ ಪಟ್ಟೀಲಿದೆ, ಡಿಜಿಎಫ್‌ಟಿ (ಕೇಂದ್ರದ ವಿದೇಶಿ ವ್ಯಾಪಾರ ಇಲಾಖೆ) ಲೈಸೆನ್ಸ್ ಬೇಕು, ಅದರ ಮೇಲೆ ಬಿಐಎಸ್ ಗುರುತಿನ, ಅಂದ್ರೆ ಅದೇ ಐಎಸ್‌ಐ ಗುರುತಿನ, ಕಟ್ಟಳೆ ಬೇರೆ. "ನಮ್ಮ ಅಳಿಯ ಲಂಡನ್ನಿಂದ ಬರ್ತಿದಾನೆ, ಎರಡು ತರ್ತಾನೆ ಬಿಡಿ" ಅಂತ ದಾದರಿನ ಒಬ್ಬ ಹಿರಿಯರು ಹೇಳಿದ್ರು. ಅಳಿಯನ ಮೇಲೆ ಪ್ರೀತಿ ಇದ್ರೆ ಹಂಗೆ ಮಾಡ್ಬೇಡ್ರಿ. ಅಷ್ಟು ಬೇಕೇ ಬೇಕು ಅಂದ್ರೆ ಕಾಗದಪತ್ರ ಮಾಡೋರ ಮೂಲಕ ಮೊದ್ಲೇ ಕೇಳ್ಕೊಂಡು, ದುಡ್ಡು ಕಟ್ಟೋಕೆ ಮುಂಚೆ ಟೈರ್ ಯಾವ ವಾರ ತಯಾರಾಗಿದ್ದು ಅಂತ ಫೋಟೋ ತರಿಸ್ಕೊಳ್ರಿ.

ವೈರ್ ವೀಲ್ ಇದೆ, ಟ್ಯೂಬ್‌ಲೆಸ್ ಹಾಕ್ಬಹುದಾ?

ಟ್ಯೂಬ್‌ಲೆಸ್ ಟೈರ್ ಹಾಕ್ರಿ, ಆದ್ರೆ ಒಳಗೆ ಟ್ಯೂಬ್ ಹಾಕ್ರಿ. ಕಡ್ಡಿಗಳ ನಿಪ್ಪಲ್ ರಿಮ್ಮನ್ನ ತೂರಿ ಒಳಗೆ ಬಂದಿರುತ್ತೆ, ಪ್ರತಿ ತೂತಿಂದ ಗಾಳಿ ಸೋರುತ್ತೆ. ಟ್ಯೂಬ್ ರೇಡಿಯಲ್‌ಗೆ ಅಂತಲೇ ಬರೋದು ಇರ್ಲಿ, ಸೈಜ್ ಸರಿಯಾಗಿರ್ಲಿ, ನಿಪ್ಪಲ್ ತಲೆ ಟ್ಯೂಬಿಗೆ ಚುಚ್ಚದೇ ಇರೋಕೆ ಮಧ್ಯೆ ರಬ್ಬರ್ ಪಟ್ಟಿ ಹಾಕ್ಬೇಕು.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಹೊಸ ಟೈರಿನ ಒಳಗೋಡೆ ಮೇಲೆ ಕಾಗದದ ಸ್ಟಿಕ್ಕರ್ ಇರುತ್ತೆ, ಅದನ್ನ ಕಿತ್ತು ಹಾಕ್ಲೇಬೇಕು. ನನ್ನ ಕಾರ್ ಲೋಣಾವಳಾ ಹತ್ರ ಒಂದ್ಸಲ ಪಂಕ್ಚರ್ ಆಯ್ತು, ಟೈರಲ್ಲಿ ಮೊಳೆ ಇಲ್ಲ, ಏನೂ ಇಲ್ಲ. ಪಂಕ್ಚರ್ ಅಂಗಡಿ ಹುಡುಗ ಟ್ಯೂಬ್ ಎಳೆದಾಗ ಒಳಗಿಂದ ಕಪ್ಪು ಪುಡಿ ಉದುರಿತು, ಕಾಡಿಗೆ ತರ. ಟ್ಯೂಬ್ ಮೇಲೆ ಬೆಂಕಿಪೊಟ್ಟಣದಷ್ಟು ಒಂದು ಚೌಕ ಸವೆದು ತೆಳ್ಳಗಾಗಿ ಮಧ್ಯೆ ಸೂಜಿ ತೂತು. ಟೈರ್ ಒಳಗೆ ಕೈ ಹಾಕಿ ನೋಡಿದ್ರೆ ಅದೇ ಅಳತೆಯ ಸ್ಟಿಕ್ಕರ್, ಅದರ ಅಂಚು ಉಪ್ಪುಕಾಗದದಂಗೆ ಗಟ್ಟಿ. ಹುಡುಗ ಉಗುರಲ್ಲಿ ಕೆರೆದು ತೆಗೆದ, ಒಳಗೆಲ್ಲ ಪೌಡರ್ ಹಾಕಿ ಸವರಿದ, ಇವತ್ತಿನವರೆಗೂ ಮತ್ತೆ ಆಗಿಲ್ಲ.

ಬ್ಯಾಲೆನ್ಸಿಂಗ್ ಮಾಡಿಸುವಾಗ ಮಷೀನಿನ ಮಾಮೂಲಿ ಕೋನ್ ವೈರ್ ವೀಲಿನ ಹಲ್ಲಿರೋ ಹಬ್‌ಗೆ (ಚಕ್ರದ ನಡುಭಾಗಕ್ಕೆ) ಸರಿಯಾಗಿ ಕೂರಲ್ಲ, ಚಕ್ರ ಸೊಟ್ಟ ತಿರುಗುತ್ತೆ, ಅದನ್ನ ನೋಡಿ ಅವ್ನು ರಿಮ್ ಬೆಂಡ್ ಅಂತಾನೆ. ನಂಬೋಕೆ ಮುಂಚೆ ಕಾರಿನ ಮೇಲೇ ಚಕ್ರ ಎತ್ತಿ ತಿರುಗಿಸಿ ನೋಡ್ರಿ.

ಮುಂದೆ ಒಂದು ತರ, ಹಿಂದೆ ಒಂದು ತರ ಹಾಕ್ಬಹುದಾ?

ಕಂಪನಿನೇ ಹಂಗೆ ಕೊಟ್ಟಿದ್ರೆ ಹಂಗೇ. 1973ರ ಪೋರ್ಷೆ 911 ಕರೇರಾ ಆರ್‌ಎಸ್‌ಗೆ ಮುಂದೆ 185/70, ಹಿಂದೆ 215/60, ಎರಡೂ 15 ಇಂಚು, ಇಂಜಿನ್ ಭಾರ ಹಿಂದೆ ಇದೆಯಲ್ಲ ಅದಕ್ಕೆ. ಉಳಿದೋರು ನಾಲ್ಕೂ ಒಂದೇ ಇಡ್ರಿ. ರೇಡಿಯಲ್ಲು ಕ್ರಾಸ್‌ಪ್ಲೈ ಒಂದೇ ಆಕ್ಸಲ್ ಮೇಲೆ ಸೇರಿಸ್ಲೇಬಾರ್ದು. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಅಂತೂ ಅಪಾಯ, ಮುಂದೆ ಹಿಡ್ಕೊಂಡಿರುತ್ತೆ, ಹಿಂದೆ ಬಿಟ್ಟು ಬಿಡುತ್ತೆ, ಕಾರ್ ಬುಗುರಿ ಆಗುತ್ತೆ.

ಸ್ಪೀಡೋಮೀಟರ್ ತಪ್ಪು ತೋರ್ಸುತ್ತಾ?

ಟೈರ್ ಕುಳ್ಳ ಆದಷ್ಟೂ ಜಾಸ್ತಿ ತೋರ್ಸುತ್ತೆ. 165 ಎಸ್‌ಆರ್ 14ರ ಬದ್ಲು 175/70 ಹಾಕಿದ್ರೆ ನಿಜವಾಗಿ 80 ಇದ್ದಾಗ ಮುಳ್ಳು 83ರ ಮೇಲಿರುತ್ತೆ. ಅದಕ್ಕಿಂತ ಕಿರಿಕಿರಿ ಇಂಜಿನ್ನಿಗೆ. ಓವರ್‌ಡ್ರೈವ್ (ಇಂಜಿನ್ ಸುತ್ತು ಕಮ್ಮಿ ಮಾಡೋ ಹೆಚ್ಚುವರಿ ಗೇರ್) ಇಲ್ಲದ ಎಂಜಿಬಿ ನಾಲ್ಕನೇ ಗೇರಲ್ಲಿ 100ಕ್ಕೆ ನಿಮಿಷಕ್ಕೆ ಸುಮಾರು 3,500 ಸುತ್ತು ತಿರುಗುತ್ತೆ, 195/60 ಹಾಕಿದ್ರೆ ಅದು 3,700 ಆಯ್ತು. ಎಕ್ಸ್‌ಪ್ರೆಸ್‌ವೇಯಲ್ಲಿ ಮುಂಬೈ ಮುಟ್ಟೋವಷ್ಟರಲ್ಲಿ ಕಿವಿ ಗುಂಯ್ ಅಂತಿರುತ್ತೆ.

ಎಸ್, ಎಚ್, ವಿ ಅಕ್ಷರ ಎಷ್ಟು ಮುಖ್ಯ?

ಎಸ್ ಅಂದ್ರೆ ಗಂಟೆಗೆ 180, ಟಿ 190, ಎಚ್ 210, ವಿ 240 ಕಿಲೋಮೀಟರ್ ವೇಗ. ಹಳೇ ವಿಆರ್ ಅಂದ್ರೆ 210ಕ್ಕೆ ಮೇಲೆ ಅಂತ ಅಷ್ಟೇ. ಎಂಜಿಬಿ, ಸ್ಪಿಟ್‌ಫೈರ್‌ಗೆ ಎಸ್, ಟಿ ಧಾರಾಳ. ಆದ್ರೆ ಇ-ಟೈಪಿಗೆ, ಪೋರ್ಷೆಗೆ "ಇಲ್ಲಿ ಯಾರು 200 ಹೊಡೀತಾರೆ" ಅಂತ ಇಳಿಸ್ಬೇಡ್ರಿ, ಆ ಅಕ್ಷರ ಬಿಸಿ ತಡೆಯೋ ಶಕ್ತೀನೂ ಹೇಳುತ್ತೆ. ಪಕ್ಕದ ಲೋಡ್ ನಂಬರೂ ನೋಡ್ಕೊಳ್ರಿ, 84 ಅಂದ್ರೆ ಒಂದು ಟೈರ್ 500 ಕೆಜಿ ಹೊರುತ್ತೆ.

ಟ್ರೆಡ್ ಪೂರ್ತಿ ಇದೆ, ಹತ್ತು ಸಾವಿರ ಕಿಲೋಮೀಟರೂ ಓಡಿಲ್ಲ, ಬದಲಾಯಿಸ್ಬೇಕಾ?

ಟೈರ್ ಗೋಡೆ ಮೇಲೆ ಡಿಒಟಿ (DOT) ಅನ್ನೋ ಅಕ್ಷರ ಆದ್ಮೇಲೆ ಬರೋ ಸಾಲಲ್ಲಿ ಕೊನೇ ನಾಲ್ಕು ಅಂಕಿ ನೋಡ್ರಿ. 3215 ಅಂದ್ರೆ 2015ರ 32ನೇ ವಾರ. ಮೂರೇ ಅಂಕಿ ಇದ್ರೆ ಅದು 2000ಕ್ಕೂ ಮುಂಚಿನ ಟೈರ್, ನಮಸ್ಕಾರ ಹಾಕಿ ತೆಗೀರಿ. ಐದು ವರ್ಷ ಆದ್ಮೇಲೆ ವರ್ಷಕ್ಕೊಂದ್ಸಲ ತೋರಿಸ್ಬೇಕು, ಹತ್ತು ವರ್ಷಕ್ಕೆ ಹೆಂಗಿದ್ರೂ ತೆಗೀಬೇಕು. ನಮ್ಮ ಕಾರುಗಳು ಓಡಿ ಸವೆಯೋದಕ್ಕಿಂತ ನಿಂತು ಒಣಗೋದೇ ಜಾಸ್ತಿ. ಗೋಡೆಯನ್ನ ಹೆಬ್ಬೆರಳಲ್ಲಿ ಒತ್ತಿ ಬಗ್ಗಿಸಿ ನೋಡ್ರಿ, ಬೇಸಿಗೆ ಕೆರೆ ತಳದಂಗೆ ಸಣ್ಣ ಬಿರುಕು ಕಂಡ್ರೆ ಮುಗೀತು.

ಗಾಳಿ ಎಷ್ಟು?

ಹ್ಯಾಂಡ್‌ಬುಕ್ ಹೇಳಿದಷ್ಟು. ಎಂಜಿಬಿ ರೋಡ್‌ಸ್ಟರ್‌ಗೆ ರೇಡಿಯಲ್ ಹಾಕಿದ್ರೆ ಮುಂದೆ 21, ಹಿಂದೆ 24 ಪಿಎಸ್‌ಐ. ಪೆಟ್ರೋಲ್ ಬಂಕಿನ ಹುಡುಗನಿಗೆ ಹಂಗೆ ಹೇಳಿದ್ರೆ ನಗ್ತಾನೆ, ಕಣ್ಣು ಆ ಕಡೆ ಹೋದ್ರೆ 33 ತುಂಬಿಸಿ ಬಿಡ್ತಾನೆ, ಆಮೇಲೆ ಮನೆವರೆಗೂ ಎತ್ತಿನಗಾಡಿ ಸವಾರಿ. ಸ್ವಂತ ಗೇಜ್ ಡ್ಯಾಶ್‌ಬೋರ್ಡಲ್ಲಿ ಇಟ್ಕೊಳ್ರಿ.

ಟಿಆರ್‌ಎಕ್ಸ್ ಅಂತ ಬರ್ದಿದೆ, ಸೈಜ್ 390 ಇದೆ?

ಅದು ಮಿಷೆಲಿನ್‌ನ ಮಿಲಿಮೀಟರ್ ರಿಮ್. 15 ಇಂಚೂ ಅಲ್ಲ, 16 ಇಂಚೂ ಅಲ್ಲ. ಮಾಮೂಲಿ ಟೈರ್ ಬಲವಂತವಾಗಿ ಹಾಕೋಕೆ ಹೋಗ್ಬೇಡ್ರಿ. ಟಿಆರ್‌ಎಕ್ಸ್ ಟೈರೇ ಹುಡುಕ್ಬೇಕು, ಇಲ್ಲಾಂದ್ರೆ ರಿಮ್ ಬದಲಾಯಿಸ್ಬೇಕು.

ನಿಮ್ಮ ಆ 195/60 ಏನ್ ಮಾಡಿದ್ರಿ?

ಅಂಗಡಿಯವ್ರು ವಾಪಸ್ ತಗೊಳ್ಲಿಲ್ಲ. ಒಬ್ಬರು ಹಳೇ ಎಸ್ಟೀಮಿಗೆ ಅಗಲ ಅಲಾಯ್ ರಿಮ್ ಹಾಕ್ಸಿದ್ರು, ಅವ್ರು ಎರಡನ್ನ ಅರ್ಧ ಬೆಲೆಗೆ ತಗೊಂಡ್ರು. ಗೀರು ಬಿದ್ದಿದ್ದು ಧಾರವಾಡಕ್ಕೆ ಹೋಯ್ತು, ಪಂಚಮಿಗೆ ಹಿತ್ತಲ ಮಾವಿನ ಮರಕ್ಕೆ ಜೋಕಾಲಿ ಕಟ್ಟಿದ್ವಿ, ಅಣ್ಣನ ಮಕ್ಕಳಿಗೆ ಅಗಲ ಇರೋದೇ ಬೇಕಿತ್ತಂತೆ, ಇಬ್ಬಿಬ್ರು ಕೂತ್ಕೋಬಹುದು ಅಂತ. ನಾಲ್ಕನೇದು ಇನ್ನೂ ಪಾರ್ಕಿಂಗಲ್ಲೇ ಇದೆ, ಬೇಕಾದೋರು ಬಂದು ತಗೊಂಡ್ ಹೋಗ್ರಿ, ರಿಮ್ ಐದೂವರೆ ಇಂಚ್ ಇದ್ರೆ ಮಾತ್ರ.